ಎಲ್ನಾಳ ಓವನ್ ಕೆಟ್ಟ ಕ್ರಿಸ್‌ಮಸ್

ಡೆನ್ಮಾರ್ಕಿನ ಲಾಂಗೆಲಾಂಡ್ ದ್ವೀಪದ ದಕ್ಷಿಣದ ತುದಿಯಲ್ಲಿ, ಬಂದರಿನಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ ಎಲ್ನಾಳ ಮನೆ. ಕೆಳಗೆ ಗಂಡ ಹೋಲ್ಗರ್‌ನ ಮಾಂಸದಂಗಡಿ, ಮೇಲೆ ಸಂಸಾರ. ಕ್ರಿಸ್‌ಮಸ್ ಹಿಂದಿನ ದಿನ, ಅಂದರೆ ಹಬ್ಬದೂಟದ ದಿನ, ಆ ಊರಲ್ಲಿ ಯಾರ ಮನೆಯ ಬಾತುಕೋಳಿಯ ತೊಡೆಯಿಂದ ಕೆಂಪು ನೀರು ಒಸರಿದರೂ, ಯಾರ ಹಂದಿಮಾಂಸದ ಚರ್ಮ ಗರಿಗರಿಯಾಗದೆ ರಬ್ಬರಿನಂತೆ ಮಲಗಿದರೂ, ಜನ ಫೋನಿನ ಹತ್ತಿರ ಓಡುತ್ತಿದ್ದರು. ಡಾಕ್ಟರಿಗಲ್ಲ, ಪಾದ್ರಿಗಲ್ಲ, ಎಲ್ನಾಳಿಗೆ.

ಇದರಲ್ಲಿ ತಮಾಷೆಯೆಂದರೆ, ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಮಾಂಸ ಬೇಯಿಸುವುದೇ ಗೊತ್ತಿರಲಿಲ್ಲ. ಅವಳು ಮೀನುಗಾರರ ಮನೆಯ ಹುಡುಗಿ. ಅಪ್ಪ ತಂದ ಚಪ್ಪಟೆ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹಾಕಿದರೆ, ಮೇಜಿಗೆ ತಟ್ಟೆ ಜೋಡಿಸುವಷ್ಟರಲ್ಲಿ ಬೆಂದಿರುತ್ತಿತ್ತು. ಮೀನು ಬೆಂದಿತೋ ಇಲ್ಲವೋ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಮುಳ್ಳು ಬಿಟ್ಟುಕೊಂಡರೆ ಬೆಂದಿದೆ, ಅಷ್ಟೆ. ಅಂಥವಳು ಮಾಂಸದಂಗಡಿಯವನ ಕೈಹಿಡಿದಳು. ಹೋಲ್ಗರ್‌ಗೋ, ಹಂದಿಯ ಮೈಯಲ್ಲಿ ಯಾವ ಎಲುಬು ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾದರೂ, ಅಡುಗೆಮನೆ ಎಂದರೆ ಕಾಫಿ ಸಿಗುವ ಜಾಗ ಅಷ್ಟೆ.

ಹೊಸ ಸಂಸಾರದ ಮೊದಲ ಭಾನುವಾರ ಅತ್ತೆ, ಮಾವ, ಹೋಲ್ಗರ್‌ನ ಅಕ್ಕ ಡಾಗ್ನಿ ಎಲ್ಲರೂ ಊಟಕ್ಕೆ ಬಂದರು. ಎಲ್ನಾ ಶೀತಲಕೋಣೆಯಿಂದ ಹಂದಿಯ ಬೆನ್ನಿನ ದೊಡ್ಡ ತುಂಡನ್ನು ತಂದಳು, ಹಾಗೇ ಓವನ್ನಿಗೆ ತಳ್ಳಿದಳು, ಉರಿಯನ್ನು ಎಷ್ಟು ಏರುತ್ತದೋ ಅಷ್ಟು ಏರಿಸಿದಳು. ಮೇಲಿನ ಚರ್ಮ ಬಂಗಾರದಂತೆ ಉಬ್ಬಿ ಚಟಪಟ ಎನ್ನುತ್ತ ಮೇಜಿಗೆ ಬಂತು. ಮಾವ ಭೇಷ್ ಎಂದರು. ಹೋಲ್ಗರ್ ಚಾಕು ಇಳಿಸಿದ. ಎರಡು ಬೆರಳು ದಪ್ಪದವರೆಗೆ ಎಲ್ಲ ಸರಿ. ಅದರ ಕೆಳಗೆ ಎಲುಬಿನ ಸುತ್ತ ತಣ್ಣಗೆ, ಕೆಂಪಗೆ, ಹಸಿಹಸಿಯಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಡಾಗ್ನಿ ಫೋರ್ಕು ಕೆಳಗಿಟ್ಟಳು. "ಹೋಲ್ಗರ್, ಈ ಹಂದೀನ ನೀನು ಪೂರ್ತಿ ಕೊಂದಿಲ್ಲ ಅನ್ಸುತ್ತೆ ಕಣೋ. ಇನ್ನೂ ಉಸಿರಾಡ್ತಾ ಇದೆ."

ಎಲ್ನಾಳ ಮುಖಕ್ಕೆ ಮಾಂಸದ ಬಣ್ಣವೇ ಏರಿತು. ಆಗ ಹೋಲ್ಗರ್ ಏನು ಮಾಡಿದನೆಂದರೆ, ಎಲುಬಿನ ಹತ್ತಿರದಿಂದಲೇ ಒಂದು ದಪ್ಪ ತುಂಡು ಕೊಯ್ದು ತನ್ನ ತಟ್ಟೆಗೆ ಹಾಕಿಕೊಂಡ. "ನಂಗೆ ಹೀಗಿದ್ರೇನೇ ಇಷ್ಟ," ಎಂದ. ತಿಂದ. ಇನ್ನೊಂದು ಹಾಕಿಕೊಂಡು ಅದನ್ನೂ ತಿಂದ.

ಮಂಗಳವಾರ ಅವನು ಹಾಸಿಗೆ ಹಿಡಿದ. ಹೊಟ್ಟೆ ಹಿಂಡಿ, ಜ್ವರ ಏರಿ, ಬಕೆಟ್ ಬಿಟ್ಟು ಅತ್ತಿತ್ತ ಹೋಗದಂತಾದ. ಅಂಗಡಿ ಆ ವಾರವಿಡೀ ಮುಚ್ಚಿತ್ತು. ಬಂದರಿನಲ್ಲಿ ಬಲೆ ಒಣಗಿಸುತ್ತಿದ್ದವರೆಲ್ಲ ಹೋಲ್ಗರ್ ಮೇಲೆ ಹಂದಿ ಸೇಡು ತೀರಿಸಿಕೊಂಡಿತು ಎಂದು ಆಡಿಕೊಂಡು ನಕ್ಕರು. ಎಲ್ನಾ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದಳು. ಅಳಲಿಲ್ಲ, ಗಂಡನ ಕುಳಿಬಿದ್ದ ಕಣ್ಣು ನೋಡುತ್ತ ಬಕೆಟ್ ತೊಳೆದು ತೊಳೆದು ತಂದಿಟ್ಟಳು.

"ಹಸಿ ಅಂತ ಗೊತ್ತಿತ್ತಲ್ಲ, ಯಾಕೆ ತಿಂದೆ?"

"ನೀನು ಮಾಡಿದ್ದಲ್ವಾ," ಎಂದ ಹೋಲ್ಗರ್ ಗೋಡೆ ಕಡೆ ತಿರುಗಿಕೊಂಡು.

"ಪ್ರೀತಿಯಿಂದ ಮಾಂಸ ಬೇಯಲ್ಲ ಮಾರಾಯ. ಇನ್ಮೇಲೆ ನಾನು ಕೆಟ್ಟದಾಗಿ ಮಾಡಿದ್ರೆ ಕೆಟ್ಟದಾಗಿದೆ ಅನ್ನು."

ಆ ಚಳಿಗಾಲ ಪೂರ್ತಿ ಅವಳು ಕಲಿತಳು. ಅಂಗಡಿಯಲ್ಲಿ ಉಳಿದ ತುಂಡೊಂದನ್ನು ಹೋಲ್ಗರ್ ದಿನಾ ಮೇಲೆ ತರುತ್ತಿದ್ದ. ಅವಳು ಬೇಯಿಸಿ, ನಡುವೆ ಕೊಯ್ದು, ದೀಪದ ಕೆಳಗೆ ಹಿಡಿದು ನೋಡುತ್ತಿದ್ದಳು. ದೊಡ್ಡ ತುಂಡಿಗೆ ಜೋರು ಉರಿ ಶತ್ರು, ಸಾವಧಾನವೇ ಮಿತ್ರ ಎಂದು ತಿಳಿಯಿತು. ಬಣ್ಣವನ್ನು ನಂಬುವ ಹಾಗಿಲ್ಲ ಎಂದೂ ತಿಳಿಯಿತು: ಬೆಂದ ಮಾಂಸ ಕೆಲವೊಮ್ಮೆ ಗುಲಾಬಿಯಾಗಿರುತ್ತಿತ್ತು, ಬೇಯದ್ದು ಕೆಲವೊಮ್ಮೆ ಬೂದು ಬಣ್ಣಕ್ಕೆ ತಿರುಗಿ ಮೋಸ ಮಾಡುತ್ತಿತ್ತು. ಕೊನೆಗೆ ರುಡ್‌ಕೋಬಿಂಗ್ ಪೇಟೆಯ ಪಾತ್ರೆ ಅಂಗಡಿಯಿಂದ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಕೊಂಡು ತಂದಳು. ಅತಿ ದಪ್ಪವಿರುವ ಕಡೆ ಚುಚ್ಚಬೇಕು, ಎಲುಬಿಗೆ ತಾಗಿಸಬಾರದು, ಯಾಕೆಂದರೆ ಎಲುಬು ಬೇಗ ಬಿಸಿಯಾಗಿ ಸುಳ್ಳು ಹೇಳುತ್ತದೆ. ಹಕ್ಕಿಯಾದರೆ ತೊಡೆಯ ಒಳಮಗ್ಗುಲಲ್ಲಿ ಎಪ್ಪತ್ತೈದು ಡಿಗ್ರಿ ತೋರಿಸದೆ ಮೇಜಿಗೆ ತರುವಂತಿಲ್ಲ. ಇದು ಅವಳ ಮನೆಯ ಕಾನೂನಾಯಿತು.

ಸುದ್ದಿ ಡಾಗ್ನಿಗೆ ಮುಟ್ಟಿತು. ಡಾಗ್ನಿಗೆ ಮುಟ್ಟಿದ್ದು ಊರಿಗೆ ಮುಟ್ಟದಿರುತ್ತದೆಯೇ?

"ಹಂದಿಗೆ ಜ್ವರ ನೋಡ್ತಾಳಂತೆ ಕಣ್ರೇ ನಮ್ಮ ಹೋಲ್ಗರ್ ಹೆಂಡ್ತಿ," ಎಂದಳು ಬೇಕರಿಯಲ್ಲಿ ಸಾಲು ನಿಂತವರ ಮುಂದೆ. "ಇವತ್ತು ಜ್ವರ ನೋಡ್ತಾಳೆ, ನಾಳೆ ಔಷಧಿ ಕುಡಿಸ್ತಾಳೆ."

ಎಲ್ನಾ ಸಾಲಿನ ಕೊನೆಯಲ್ಲೇ ನಿಂತಿದ್ದಳು. "ಔಷಧಿ ಹೋದ ವರ್ಷ ಕುಡಿಸಿಯಾಯ್ತು ಅತ್ತಿಗೆ, ನಿಮ್ಮ ತಮ್ಮಂಗೆ. ಅದಕ್ಕೇ ಈಗ ಮೊದ್ಲೇ ಜ್ವರ ನೋಡೋದು," ಎಂದಳು. ಬೇಕರಿಯವನ ಹೆಂಡತಿ ಆಸ್ಟ್ರಿಡ್ ನಗು ತಡೆಯಲಾರದೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

ಫೋನಿನ ರೂಢಿಯನ್ನು ಶುರುಮಾಡಿದ್ದೂ ಇದೇ ಆಸ್ಟ್ರಿಡ್. ಒಂದು ಹಬ್ಬದ ದಿನ ಅವಳು ತನ್ನ ಬಾತು ಬೆಂದಿದೆಯೋ ಇಲ್ಲವೋ ತಿಳಿಯದೆ ಅಂಗಡಿಯ ನಂಬರಿಗೆ ಹೋಲ್ಗರ್‌ನನ್ನು ಕೇಳಿಕೊಂಡು ಫೋನ್ ಮಾಡಿದಳು. ಡಿಸೆಂಬರ್ ಪೂರ್ತಿ ನಿಂತೇ ಕೊಯ್ದ ಹೋಲ್ಗರ್ ಬೂಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಎಲ್ನಾ ತಾನೇ ಮಾತಾಡಿದಳು, ತೊಡೆಯ ಸಂದಿನಲ್ಲಿ ಚುಚ್ಚಿ ನೋಡು ಎಂದಳು, ಒಸರುವ ನೀರು ತಿಳಿಯಾಗುವವರೆಗೆ ತೆಗೆಯಬೇಡ ಎಂದಳು, ಮೇಲೆ ಕಪ್ಪಾಗುತ್ತಿದ್ದರೆ ಕಾಗದ ಹೊದಿಸು ಎಂದಳು. ಆಸ್ಟ್ರಿಡ್‌ಳ ಬಾತು ಆ ವರ್ಷ ಊರಿಗೇ ಮಾತಾಯಿತು. ಮರುವರ್ಷ ಏಳೆಂಟು ಫೋನು ಬಂದವು. ಅದರ ಮರುವರ್ಷ ಎಲ್ನಾ ಫೋನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಹೆಣಿಗೆ ಹಿಡಿದು ಬೆಳಿಗ್ಗೆಯಿಂದಲೇ ಕೂತಳು.

ಕೇಳಬಾರದ ಪ್ರಶ್ನೆಗಳನ್ನೆಲ್ಲ ಜನ ಕೇಳಿದರು. ಮೀನುಗಾರ ಆಂಕರ್ ಒಮ್ಮೆ ಮಧ್ಯಾಹ್ನ ಫೋನ್ ಮಾಡಿ, "ಎಲ್ನಾ, ನನ್ ಬಾತು ಹೊರಗೆ ಕರ್ರಗಾಗಿದೆ, ಒಳಗೆ ಕೈ ಹಾಕಿದ್ರೆ ಐಸ್ ಸಿಗ್ತಾ ಇದೆ," ಎಂದ.

"ಫ್ರೀಜರಿಂದ ಯಾವಾಗ ತೆಗ್ದೆ?"

"ಬೆಳಿಗ್ಗೆ."

"ಯಾವತ್ತು ಬೆಳಿಗ್ಗೆ?"

"ಇವತ್ತು."

"ಸರಿ ಹಾಗಾದ್ರೆ, ಊಟ ನಾಳೆ ಮಾಡು." ಆಮೇಲೆ ಅವಳಿಗೇ ಪಾಪ ಎನಿಸಿತು. "ಹೊರಗೆ ತೆಗಿ. ತೊಡೆ ಬೇರೆ, ಎದೆ ಬೇರೆ ಮಾಡಿ ಕೊಯ್ಕೋ. ನಿನಗೆ ಕತ್ತಿ ಹಿಡಿಯೋಕೆ ಬರುತ್ತಲ್ಲ, ದೊಡ್ಡ ಮೀನು ಅನ್ಕೋ. ಬಾಣಲೆಗೆ ನೀರು ಹಾಕಿ ಮುಚ್ಚಿ ಬೇಯಿಸು. ಮುಂದಿನ ವರ್ಷ ಮೂರು ದಿನ ಮುಂಚೆ ತೆಗ್ದು ಫ್ರಿಜ್ಜಿನಲ್ಲಿಡು. ಹೀಟರ್ ಮೇಲೆ ಇಡ್ತೀಯಾ ನೀನು, ನಂಗೊತ್ತು. ಇಡಬೇಡ."

ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಹಸಿ ಕೋಳಿ ಕೊಯ್ದ ಹಲಗೆಯ ಮೇಲೇ ಸೌತೆಕಾಯಿ ಹೆಚ್ಚಿಬಿಟ್ಟೆ ಎಂದು ಅತ್ತಳು. "ಅಳೋದ್ಯಾಕೆ, ಸೌತೆಕಾಯಿ ತಾನೆ, ಬಿಸಾಕು. ಹಲಗೆ ಬಿಸಿನೀರು ಸೋಪು ಹಾಕಿ ಉಜ್ಜು. ನಿನ್ನ ಕೈನೂ," ಎಂದಳು ಎಲ್ನಾ. ಎಷ್ಟೋ ಸಲ ಅವಳ ಕಡೆಯ ಉತ್ತರ ಅದೇ ಆಗಿರುತ್ತಿತ್ತು: ಬಿಸಾಕು. ಅದನ್ನು ಕೇಳಿದ ಜನಕ್ಕೆ ಕೋಪ ಬರುತ್ತಿತ್ತು. ಒಮ್ಮೆ ಶಾಲೆಯ ಜವಾನ ಅಂಗಡಿಗೇ ಬಂದು ಜಗಳ ತೆಗೆದ. ಬಿಸಿಲು ಬೀಳುವ ಕಿಟಕಿಯ ಬಳಿ ಎರಡು ದಿನ ಮರೆತಿಟ್ಟ ತೊಡೆಮಾಂಸವನ್ನು ಎಲ್ನಾಳ ಮಾತು ಕೇಳಿ ಹೂತುಹಾಕಿದ್ದನಂತೆ. ಹೆಂಡತಿ ಈಗ, ಅದಕ್ಕೇನಾಗಿತ್ತು ಧಾಡಿ ಎಂದು ದಿನಾ ಕುಟುಕುತ್ತಿದ್ದಾಳಂತೆ.

ಅವನು ಹೋದ ಮೇಲೆ ಹೋಲ್ಗರ್ ಕೇಳಿದ, "ಅಲ್ಲ ಕಣೇ, ನಾನು ಮಾರೋ ಮಾಂಸಾನ ನೀನು ಬಿಸಾಕಿಸ್ತಾ ಇದ್ರೆ ಜನ ಏನಂತಾರೆ?"

"ವ್ಯಾಪಾರ ಜಾಸ್ತಿ ಆಗ್ಲಿ ಅಂತ ಮಾಡ್ತಾಳೆ ಅಂತಾರೆ."

"ಅವನ ಹೊಟ್ಟೆ ಕೆಡದೇ ಉಳಿಸಿದ್ದು ನೀನು. ಅದನ್ನ ಒಬ್ರೂ ಹೇಳಲ್ಲ."

"ಬರದೇ ಇದ್ದ ಕಾಯಿಲೆಗೆ ಯಾರು ಥ್ಯಾಂಕ್ಸ್ ಹೇಳ್ತಾರೆ? ನೀನು ಆ ಚರ್ಬಿ ಬಕೆಟ್ ಎತ್ಕೋ, ಕಾಲಿಗೆ ಸಿಗುತ್ತೆ."

ಇಡೀ ಊರು ಫೋನ್ ಮಾಡುತ್ತಿದ್ದರೂ ಒಬ್ಬಳು ಮಾತ್ರ ಯಾವತ್ತೂ ಮಾಡಿರಲಿಲ್ಲ. ಅವಳೇ ಡಾಗ್ನಿ. ಅಷ್ಟರಲ್ಲಿ ಅವಳು ಬಂದರಿನ ಅಧಿಕಾರಿ ವಿಗ್ಗೋನ ಹೆಂಡತಿಯಾಗಿ, ಹಡಗುಕಟ್ಟೆಯ ಎದುರಿನ ಬಿಳಿ ಮನೆಯಲ್ಲಿ ಪಿಂಗಾಣಿ ತಟ್ಟೆಗಳ ನಡುವೆ ಗತ್ತಿನಿಂದ ಬಾಳುತ್ತಿದ್ದಳು. ಹೆಬ್ಬಾತು ಬೇಯಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬುದು ಅವಳ ನಂಬಿಕೆ. ಅದು ಸುಳ್ಳೂ ಆಗಿರಲಿಲ್ಲ. ಮೊದಲ ಭಾನುವಾರದ ಹಸಿ ಹಂದಿಯ ಕತೆಯನ್ನು ಇಪ್ಪತ್ತು ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ತಪ್ಪದೆ ಹೇಳುತ್ತಿದ್ದಳು, ಮತ್ತು ಪ್ರತಿ ಸಲವೂ ಆ ಹಂದಿ ಸ್ವಲ್ಪ ಹೆಚ್ಚು ಜೀವಂತವಾಗುತ್ತಿತ್ತು.

ಎಂಬತ್ತರ ದಶಕದ ಒಂದು ಕ್ರಿಸ್‌ಮಸ್. ಹಿಮವಿಲ್ಲ, ಸಮುದ್ರದಿಂದ ಒದ್ದೆ ಗಾಳಿ. ಎಲ್ನಾಳ ಮಗ ಹಡಗಿನಲ್ಲಿ ದೂರ ಎಲ್ಲೋ ಇದ್ದ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅಂಗಡಿಯಲ್ಲಿ ಎಲ್ಲ ಖಾಲಿಯಾಗಿ, ತಮ್ಮ ಊಟಕ್ಕೆಂದು ಇಟ್ಟುಕೊಂಡ ಹಂದಿಯ ತುಂಡೊಂದು ಚರ್ಮಕ್ಕೆ ಗೀರು ಹಾಕಿಸಿಕೊಂಡು, ಉಪ್ಪು ಮೆತ್ತಿಸಿಕೊಂಡು ಫ್ರಿಜ್ಜಿನಲ್ಲಿ ಕಾಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಹಲೋ," ಎಂದಿತು ಒಂದು ತೆಳ್ಳಗಿನ, ಎಳೆದೆಳೆದು ಆಡುವ ಹೆಂಗಸಿನ ದನಿ. "ನಾನು ಇಲ್ಲಿಯವಳಲ್ಲ. ಕೋಪನ್‌ಹೇಗನ್‌ನವಳು. ಇಲ್ಲಿ ಬೇಸಿಗೆ ಮನೆ ಬಾಡಿಗೆಗೆ ತಗೊಂಡಿದ್ದೀವಿ."

ಡಿಸೆಂಬರಿನಲ್ಲಿ ಬೇಸಿಗೆ ಮನೆಯೇ ಎಂದು ಎಲ್ನಾ ಕೇಳಲಿಲ್ಲ. "ಹೇಳಿ ಮೇಡಂ," ಎಂದಳು.

"ಒಂದು ಹೆಬ್ಬಾತು ಇದೆ. ಇವತ್ತು ಮನೆಗೆ ಮುಖ್ಯವಾದ ನೆಂಟರು ಬರ್ತಾರೆ. ಹೇಳಿ ಕೇಳಿ ಹಬ್ಬ, ಗಡಿಬಿಡಿ ಆಗಬಾರದು ಅಂತ ನಿನ್ನೆ ಸಂಜೆನೇ ಅರ್ಧ ಬೇಯಿಸಿ ಇಟ್ಟಿದ್ದೆ. ಇವತ್ತು ಉಳಿದರ್ಧ ಬೇಯಿಸಿದ್ರಾಯ್ತು, ಅಲ್ವಾ?"

"ಹೇಳಿ ಕೇಳಿ" ಎಂದು ಎರಡು ಮಾತಿಗೊಮ್ಮೆ ಅನ್ನುವವರು ಆ ದ್ವೀಪದಲ್ಲಿ ಒಬ್ಬರೇ. ಅನುಮಾನಕ್ಕೆ ಎಡೆಯಿಲ್ಲದಂತೆ ಅದೇ ಗಳಿಗೆಗೆ ಫೋನಿನ ಆಚೆ ಗಡಿಯಾರ ಹೊಡೆಯಿತು. ಹನ್ನೆರಡು ಗಂಟೆಗೆ ಹದಿಮೂರು ಬಾರಿಸಿತು. ಹೋಲ್ಗರ್‌ನ ಅಪ್ಪನ ಗಡಿಯಾರ ಅದು. ಲೆಕ್ಕಕ್ಕಿಂತ ಒಂದು ಹೆಚ್ಚು ಹೊಡೆಯುವ ಚಾಳಿ ಅದಕ್ಕೆ. ಮಾವ ತೀರಿಕೊಂಡ ಮೇಲೆ ಡಾಗ್ನಿ ಅದನ್ನು ತನ್ನ ಮನೆಗೆ ಸಾಗಿಸಿದ್ದಳು. ಆ ಸಂಜೆ ಡಾಗ್ನಿಯ ಮಗಳು ಲಿಸ್ಬೆಟ್‌ಳನ್ನು ಮದುವೆಯಾಗುವ ಹುಡುಗ ತನ್ನ ತಾಯಿಯೊಂದಿಗೆ ಓಡೆನ್ಸೆ ನಗರದಿಂದ ಊಟಕ್ಕೆ ಬರುತ್ತಾನೆ ಎಂಬುದು ಎಲ್ನಾಳಿಗೂ ಗೊತ್ತಿತ್ತು. ಆ ತಾಯಿಯ ಸತ್ತ ಗಂಡ ದಂತವೈದ್ಯ, ದೊಡ್ಡ ಮನೆತನ ಎಂದು ಡಾಗ್ನಿ ತಿಂಗಳಿಂದ ಹೇಳಿಕೊಂಡು ಓಡಾಡಿದ್ದಳು.

ಎಲ್ನಾ ಹೆಣಿಗೆ ಕೆಳಗಿಟ್ಟಳು. ನಗಲು ಪುರುಸೊತ್ತಿಲ್ಲ ಎಂದು ಅವಳಿಗೆ ಅನ್ನಿಸಿತು.

"ಅರ್ಧ ಬೇಯಿಸಿದ್ಮೇಲೆ ಎಲ್ಲಿಟ್ರಿ ಮೇಡಂ? ಫ್ರಿಜ್ಜಲ್ಲಾ?"

"ಅಷ್ಟು ದೊಡ್ಡದು ಫ್ರಿಜ್ಜಲ್ಲಿ ಹಿಡಿಯುತ್ತಾ? ಒಲೆ ಪಕ್ಕ ಇಟ್ಟಿದ್ದೆ. ಬಟ್ಟೆ ಮುಚ್ಚಿ."

"ಹೊಟ್ಟೆ ಒಳಗೆ ಸೇಬು, ಒಣ ಪ್ಲಮ್ ತುಂಬಿದ್ರಾ?"

"ಮತ್ತೆ ತುಂಬದೆ?"

"ರಾತ್ರಿಯೆಲ್ಲ ಬೆಚ್ಚಗೆ ಇತ್ತು ಅನ್ನಿ."

"ವಾಸನೆ ಏನೂ ಬಂದಿಲ್ಲ. ನಾನು ಮೂಸಿ ನೋಡಿದ್ದೀನಿ. ಈಗ ಚೆನ್ನಾಗಿ ಬೇಯಿಸಿಬಿಟ್ರೆ ಏನಿದ್ರೂ ಸಾಯುತ್ತಲ್ಲ."

"ಹುಳ ಸಾಯುತ್ತೆ ಮೇಡಂ. ಅದು ರಾತ್ರಿಯೆಲ್ಲ ಕೂತು ಬಿಟ್ಟ ವಿಷ ಎಲ್ಲಾನೂ ಸಾಯಲ್ಲ. ಮೂಗಿಗೂ ಸಿಗಲ್ಲ." ಎಲ್ನಾ ದನಿ ತಗ್ಗಿಸಿದಳು. "ಅರ್ಧ ಬೇಯಿಸಿ ಇಡೋದೇ ತಪ್ಪು. ಪೂರ್ತಿ ಬೇಯಿಸ್ಬೇಕು, ಇಲ್ಲಾ ಹಸಿಯಾಗೇ ತಣ್ಣಗಿಡ್ಬೇಕು. ನನ್ ಮಾತು ಕೇಳಿ, ಅದನ್ನ ಬಡಿಸ್ಬೇಡಿ."

"ಅಂದ್ರೆ?"

"ಬಿಸಾಕಿ."

ಫೋನಿನಲ್ಲಿ ಕೋಪನ್‌ಹೇಗನ್ ಮಾಯವಾಯಿತು. "ನಿನಗೇನು, ಹೇಳೋದು ಸುಲಭ," ಎಂದು ಸ್ವಂತ ದನಿಯಲ್ಲೇ ಗದರಿ ಡಾಗ್ನಿ ಫೋನು ಕುಕ್ಕಿದಳು.

ಹೋಲ್ಗರ್ ಒಂದು ಕಣ್ಣು ತೆರೆದು, "ಯಾರು?" ಎಂದ.

"ನಿಮ್ಮಕ್ಕ. ಕೋಪನ್‌ಹೇಗನ್‌ನಿಂದ."

ಎಲ್ಲವನ್ನೂ ಹೇಳಿದಳು. ಹೋಲ್ಗರ್ ಎದ್ದು ಕೂತ. "ಬಿಸಾಕಲ್ಲ ಅವಳು. ಸಾಯ್ತಾಳೆ, ಬಿಸಾಕಲ್ಲ. ಅಂಗಡೀಲೂ ಒಂದು ಕೋಳಿ ಕಾಲೂ ಉಳಿದಿಲ್ಲ. ನಾನೇ ಹೋಗಿ ಹೇಳ್ಲಾ?"

"ಏನಂತ? ನೀನು ದನಿ ಬದಲಾಯಿಸ್ಕೊಂಡು ನನ್ ಹೆಂಡ್ತಿಗೆ ಫೋನ್ ಮಾಡಿದ್ದೆ ಅಂತಾನಾ? ನೆಂಟ್ರು ಬರೋ ದಿನ?" ಎಲ್ನಾ ಎದ್ದು ಫ್ರಿಜ್ಜಿನ ಬಾಗಿಲು ತೆಗೆದು ತಮ್ಮ ಹಂದಿಯ ತುಂಡನ್ನು ನೋಡಿದಳು. ಆರು ಜನಕ್ಕೆ ಸಾಲುವಷ್ಟು ಇತ್ತು. ಹೋಲ್ಗರ್ ಕೈ ಯಾವಾಗಲೂ ದೊಡ್ಡದೇ. "ಹೋಲ್ಗರ್, ನಮ್ಮ ಓವನ್ ಕೆಟ್ಟೋಗಿದೆ."

"ಎಲ್ಲಿ ಕೆಟ್ಟಿದೆ? ಬೆಳಿಗ್ಗೆ ಬ್ರೆಡ್..."

"ಕೆಟ್ಟೋಗಿದೆ ಅಂದ್ನಲ್ಲ. ಸಾಮಾನಿನ ಸೈಕಲ್ ತೆಗಿ."

ಹೊರಡುವಷ್ಟರಲ್ಲಿ ಮತ್ತೆ ಫೋನು, ಆಸ್ಟ್ರಿಡ್. ಸಾರು ಗಟ್ಟಿಯಾಗುತ್ತಿಲ್ಲವಂತೆ. ಅವಳಿಗೆ ಉತ್ತರ ಹೇಳಿ ಎಲ್ನಾ, "ಇನ್ನು ಏನಿದ್ರೂ ಡಾಗ್ನಿ ಮನೆಗೆ ಫೋನ್ ಮಾಡು, ನಾನಲ್ಲಿರ್ತೀನಿ. ಕೇಳಿದವರಿಗೂ ಹೇಳು," ಎಂದಳು. ಆಸ್ಟ್ರಿಡ್‌ಗೆ ಹೇಳಿದರೆ ಡಂಗುರ ಹೊಡೆಸಬೇಕಾಗಿರಲಿಲ್ಲ.

ಮುಂದೆ ಪೆಟ್ಟಿಗೆ ಇರುವ ಅಂಗಡಿಯ ಸೈಕಲ್ಲಿನಲ್ಲಿ ಹಂದಿ, ಬೇಯಿಸಿದ ಕೆಂಪು ಕೋಸು, ಆಲೂಗಡ್ಡೆ ಹೇರಿಕೊಂಡು ಇಬ್ಬರೂ ಇಳಿಜಾರಿನಲ್ಲಿ ಹೊರಟರು. ಬಿಳಿ ಮನೆಯ ಬಾಗಿಲು ತೆಗೆದವನು ವಿಗ್ಗೋ. ಆಗಲೇ ಕೊರಳಿಗೆ ಟೈ ಬಿಗಿದಿದ್ದ. ಎಲ್ನಾ ಓವನ್ನಿನ ಸಂಕಟ ಹೇಳಿಕೊಂಡಳು. ಇವತ್ತೊಂದು ದಿನ ನಿಮ್ಮ ಓವನ್ನಿನಲ್ಲಿ ಬೇಯಿಸಿಕೊಂಡು, ನಿಮ್ಮ ಜೊತೆಗೇ ಉಂಡು ಹೋಗುತ್ತೇವೆ ಎಂದಳು. ಹೋಲ್ಗರ್ ಬೂಟನ್ನೇ ನೋಡುತ್ತ ನಿಂತಿದ್ದ. ಸುಳ್ಳು ಹೇಳಬೇಕಾದಾಗ ಅವನ ಕಿವಿ ಕೆಂಪಾಗುತ್ತಿತ್ತು.

ವಿಗ್ಗೋ ಒಳ್ಳೆಯ ಮನುಷ್ಯ. ಯಂತ್ರ ಕೆಟ್ಟಿದೆ ಎಂದರೆ ಅವನಿಗೆ ಹಬ್ಬ. "ಕೆಟ್ಟೋಯ್ತಾ? ಫ್ಯೂಸ್ ಇರ್ಬೇಕು. ತಡೀರಿ, ಹತ್ತು ನಿಮಿಷದ ಕೆಲಸ," ಎಂದವನೇ ಮೆಟ್ಟಿಲ ಕೆಳಗಿಂದ ಸಲಕರಣೆ ಪೆಟ್ಟಿಗೆ ಎಳೆದ. ಎಲ್ನಾ ಬೇಡ ಎಂದಳು. ಅವನು ಕೋಟು ಹಾಕಿಕೊಂಡ. ಇಷ್ಟು ದೂರ ಸಾಗಿ ಬಂದ ಸುಳ್ಳು ಒಂದು ಫ್ಯೂಸಿನ ಮೇಲೆ ನಿಂತಿತ್ತು.

ಆಗ ಅಡುಗೆಮನೆಯ ಬಾಗಿಲಲ್ಲಿ ಡಾಗ್ನಿ ಕಾಣಿಸಿಕೊಂಡಳು. ಏಪ್ರನ್ನಿಗೆ ಕೈ ಒರೆಸುತ್ತ ಮೊದಲು ಎಲ್ನಾಳನ್ನು ನೋಡಿದಳು. ಸೈಕಲ್ಲಿನ ಪೆಟ್ಟಿಗೆಯನ್ನು ನೋಡಿದಳು. ತಮ್ಮನ ಕಿವಿಯನ್ನೂ ನೋಡಿದಳು.

"ವಿಗ್ಗೋ, ಕೋಟು ಬಿಚ್ಚು," ಎಂದಳು. "ಹಬ್ಬದ ದಿನ ಯಾರಾದ್ರೂ ಓವನ್ ರಿಪೇರಿ ಮಾಡ್ತಾರಾ? ಹೇಳಿ ಕೇಳಿ ಹೊಸ ಶರ್ಟು. ಬಾ ಎಲ್ನಾ ಒಳಗೆ."

ಅಡುಗೆಮನೆಯಲ್ಲಿ ಹೆಬ್ಬಾತು ಒಲೆಯ ಪಕ್ಕದಲ್ಲೇ ಇತ್ತು. ದುಂಡಗೆ, ತೆಳು ಕಂದು ಬಣ್ಣಕ್ಕೆ ತಿರುಗಿ, ನೋಡಿದರೆ ಬಾಯಲ್ಲಿ ನೀರೂರುವಂತಿತ್ತು. ಇಬ್ಬರು ಹೆಂಗಸರೂ ಅದರ ಎರಡು ಪಕ್ಕ ನಿಂತರು. ಕೋಪನ್‌ಹೇಗನ್‌ನ ಮಾತು ಇಬ್ಬರೂ ಎತ್ತಲಿಲ್ಲ.

"ಅತ್ತಿಗೆ, ಓವನ್ನಲ್ಲಿ ಒಂದೇ ಹಿಡಿಯುತ್ತೆ," ಎಂದಳು ಎಲ್ನಾ. "ನಂದು ಈಗ್ಲೇ ಹಾಕದಿದ್ರೆ ಊಟದ ಹೊತ್ತಿಗೆ ಆಗಲ್ಲ."

ಡಾಗ್ನಿ ಬಾತಿನ ಮೇಲೆ ಬಟ್ಟೆ ಹೊದಿಸಿದಳು, ಮತ್ತೆ ತೆಗೆದಳು. ಮೂರು ವಾರದ ಮೊದಲೇ ಹೇಳಿಟ್ಟು ತರಿಸಿದ ಬಾತು.

"ನಂಗೆ ಯಾಕೋ ಇದರ ವಾಸನೆ ಸರಿ ಇಲ್ಲ ಅನ್ಸುತ್ತೆ," ಎಂದಳು.

ಎಲ್ನಾ ಬಗ್ಗಿ ಮೂಸಿದಳು. ಸೇಬಿನ, ಬೆಣ್ಣೆಯ ಘಮ ಬಿಟ್ಟರೆ ಬೇರೇನೂ ಇರಲಿಲ್ಲ. "ಹೂಂ," ಎಂದಳು. "ನಿಮ್ಮ ಮೂಗು ಚುರುಕು. ನಂಗೆ ಗೊತ್ತಾಗ್ತಿರಲಿಲ್ಲ."

ಡಾಗ್ನಿ ಹಳೇ ಪತ್ರಿಕೆ ಹಾಸಿ ಬಾತನ್ನು ಅದರ ಮೇಲೆ ಎತ್ತಿಟ್ಟು, ಕೂಸಿಗೆ ಬಟ್ಟೆ ಸುತ್ತುವಂತೆ ಸುತ್ತಿ, ಹಿತ್ತಲ ಬಾಗಿಲಿನಿಂದ ಕಸದ ಡಬ್ಬಕ್ಕೆ ಹಾಕಿ, ನಾಯಿ ಎಳೆಯದಂತೆ ಮೇಲೆ ಕಲ್ಲಿಟ್ಟು ಬಂದಳು. ಬಂದವಳು ಎರಡು ಸಲ ಕೈ ತೊಳೆದಳು. ಎಲ್ನಾ ಅಷ್ಟರಲ್ಲಿ ಒಲೆಯ ಪಕ್ಕದ ಹಲಗೆಯನ್ನು ಕುದಿಯುವ ನೀರಿನಲ್ಲಿ ಉಜ್ಜುತ್ತಿದ್ದಳು.

"ನಿನ್ ಹಂದಿ ಈ ಸಲನಾದ್ರೂ ಬೇಯುತ್ತಾ?" ಎಂದಳು ಡಾಗ್ನಿ.

"ಉಸಿರಾಡಿದ್ರೆ ಹೇಳಿ ಅತ್ತಿಗೆ."

ಡಾಗ್ನಿಯ ಮೂಗಿನಿಂದ ಒಂದು ಸದ್ದು ಬಂತು. ನಗುವೋ ಶೀತವೋ, ಹೇಳುವುದು ಕಷ್ಟ.

ಸಂಜೆ ನಾಲ್ಕಕ್ಕೆ ಕತ್ತಲಾಯಿತು. ಚರ್ಚಿನ ಗಂಟೆ ನಿಂತಮೇಲೆ ಓಡೆನ್ಸೆಯ ನೆಂಟರು ಬಂದರು. ಹುಡುಗನ ತಾಯಿ ಶ್ರೀಮತಿ ವಿಂಟರ್ ಎಲ್ಲರೂ ಹೆದರಿದಂಥ ಹೆಂಗಸಲ್ಲ. ಬೂಟು ಬಿಚ್ಚಿ ಸೀದಾ ಅಡುಗೆಮನೆಗೇ ಬಂದು ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಫೋನು ಶುರುವಾಯಿತು. ಎಲ್ನಾಳ ಕೈ ತುಂಬ ಜಿಡ್ಡು; ಹಾಗಾಗಿ ಡಾಗ್ನಿಯೇ ಎತ್ತಬೇಕಾಯಿತು.

"ಬಂದರಿನ ಅಧಿಕಾರಿಗಳ ಮನೆ," ಎಂದಳು ಗತ್ತಿನಿಂದ. ಕೇಳಿಸಿಕೊಂಡಳು. ಫೋನಿನ ಬಾಯಿ ಮುಚ್ಚಿ ಒಳಗೆ ಕೂಗಿದಳು, "ಎಲ್ನಾ, ಆಂಕರ್ ಅಂತೆ. ತೊಡೆ ಅಲ್ಲಾಡಿಸಿದ್ರೆ ಅಲ್ಲಾಡ್ತಿದೆ, ಆಯ್ತಾ ಅಂತ ಕೇಳ್ತಿದ್ದಾನೆ."

"ಅಲ್ಲಾಡಿದ್ರೆ ಸಾಲ್ದು. ನೀರು ಯಾವ ಬಣ್ಣ?"

"ನೀರು ಯಾವ ಬಣ್ಣನೋ? ... ಗುಲಾಬಿ ಅಂತೆ."

"ಇನ್ನೂ ಅರ್ಧ ಗಂಟೆ."

"ಇನ್ನೂ ಅರ್ಧ ಗಂಟೆ ಕಣೋ. ಬಾಗಿಲು ತೆಗೆದು ತೆಗೆದು ನೋಡ್ಬೇಡ, ಬಿಸಿ ಹೋಗುತ್ತೆ," ಎಂದು ಕೊನೆಯದನ್ನು ಡಾಗ್ನಿ ತಾನೇ ಸೇರಿಸಿದಳು.

ಹೀಗೇ ನಾಲ್ಕೈದು. ಶ್ರೀಮತಿ ವಿಂಟರ್ ಮಂಡಿ ತಟ್ಟಿಕೊಂಡು ನಗುತ್ತಿದ್ದಳು. ಇಂಥ ಮನರಂಜನೆ ಓಡೆನ್ಸೆಯಲ್ಲಿ ಇಲ್ಲವೆಂದಳು. ಹಂದಿ ಹೊರಬಂತು. ಎಲ್ನಾ ತಾನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ ಥರ್ಮಾಮೀಟರನ್ನು ಚುಚ್ಚಿದಾಗ ಡಾಗ್ನಿ ಬಗ್ಗಿ, ಕನ್ನಡಕ ಏರಿಸಿ, ಮುಳ್ಳು ನಿಲ್ಲುವವರೆಗೂ ನೋಡಿದಳು. ಊಟಕ್ಕೆ ಕೂತರು. ಸಕ್ಕರೆ ಪಾಕದಲ್ಲಿ ಹೊರಳಿಸಿದ ಆಲೂಗಡ್ಡೆ ಕೈಯಿಂದ ಕೈಗೆ ಹೋಯಿತು. ಶ್ರೀಮತಿ ವಿಂಟರ್ ಗರಿಗರಿ ಚರ್ಮವನ್ನು ಎರಡನೆಯ ಸಲ ಹಾಕಿಸಿಕೊಂಡು, ಇಷ್ಟು ಹದವಾಗಿ ಬೆಂದ ಹಂದಿ ತಿಂದಿಲ್ಲ ಎಂದಾಗ ಡಾಗ್ನಿ ಮುಗುಳ್ನಕ್ಕು, "ನಮ್ಮ ಮನೆತನದಲ್ಲಿ ಮೊದಲಿಂದಲೂ ಹೀಗೇ," ಎಂದಳು. ಹೋಲ್ಗರ್‌ಗೆ ಕೆಮ್ಮು ಬಂತು. ಎಲ್ನಾ ಅವನ ಬೆನ್ನು ತಟ್ಟಿದಳು. ಅವಳ ಸ್ವಂತ ತಟ್ಟೆಯಲ್ಲಿ ಬರೀ ಆಲೂಗಡ್ಡೆ, ಕೋಸು. ನಿಜ ಹೇಳಬೇಕೆಂದರೆ ಅವಳಿಗೆ ಮಾಂಸ ಅಷ್ಟಾಗಿ ಸೇರುತ್ತಿರಲಿಲ್ಲ. ಮೀನಿನ ಮನೆಯ ನಾಲಿಗೆ.

ಹಾಡು, ಕ್ರಿಸ್‌ಮಸ್ ಮರದ ಸುತ್ತ ಕುಣಿತ ಎಲ್ಲ ಮುಗಿಸಿ ಇಬ್ಬರೂ ಖಾಲಿ ಸೈಕಲ್ ತಳ್ಳಿಕೊಂಡು ಏರು ಹತ್ತುವಾಗ ಹೋಲ್ಗರ್ ಕೇಳಿದ, "ನಿಜ ಹೇಳು, ಆ ಬಾತು ತಿಂದಿದ್ರೆ ಏನಾದ್ರೂ ಆಗ್ತಿತ್ತಾ?"

"ಯಾರಿಗ್ಗೊತ್ತು. ಬಹುಶಃ ಆಗ್ತಿರಲಿಲ್ಲ."

"ಮತ್ತೆ?"

"ಬಹುಶಃ ಅನ್ನೋದನ್ನ ಬೀಗಿತ್ತಿಗೆ ಬಡಿಸೋಕಾಗುತ್ತಾ?"

ವಸಂತದಲ್ಲಿ ಮದುವೆ ಚೆನ್ನಾಗಿ ನಡೆಯಿತು. ಡಾಗ್ನಿ ಯಾವತ್ತೂ ಏನನ್ನೂ ಒಪ್ಪಿಕೊಳ್ಳಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ. ಆದರೆ ಮುಂದಿನ ಹುಟ್ಟುಹಬ್ಬದ ಊಟದಲ್ಲಿ ಎಲ್ಲರೂ ಹಸಿ ಹಂದಿಯ ಕತೆಗೆ ಕಾದು ಕೂತಿದ್ದರೆ, ಅವಳು ವಿಗ್ಗೋನ ಸೊಂಟನೋವಿನ ಬಗ್ಗೆ ಮಾತಾಡಿ ಮುಗಿಸಿದಳು. ಆ ಕತೆ ಆಮೇಲೆ ಮತ್ತೆ ಬರಲಿಲ್ಲ. ಎಲ್ನಾಳಿಗೇ ಅದು ಸ್ವಲ್ಪ ಖಾಲಿ ಖಾಲಿ ಅನ್ನಿಸಿತಂತೆ.

ವರ್ಷಗಳು ಹೋದವು. ಹೋಲ್ಗರ್ ಅಂಗಡಿ ಮುಚ್ಚಿದ. ಕೆಲವು ವರ್ಷಕ್ಕೆ ತಾನೂ ತೀರಿಕೊಂಡ, ನಿದ್ದೆಯಲ್ಲಿ, ತನ್ನ ಕುರ್ಚಿಯಲ್ಲೇ. ಫೋನು ನಿಲ್ಲಲಿಲ್ಲ. ಎಲ್ನಾಳ ಸೊಂಟದ ಆಪರೇಷನ್ ಆದ ವರ್ಷ, ಈ ಸಲ ಎಲ್ನಾ ಆಸ್ಪತ್ರೆಯಲ್ಲಿದ್ದಾಳೆ, ಹಬ್ಬದ ಗತಿಯೇನು ಎಂದು ಊರು ಚಿಂತೆ ಮಾಡುತ್ತಿದ್ದಾಗ, ಡಾಗ್ನಿ ತಾನೇ ಬೀಗದ ಕೈ ಕೇಳಿ ತೆಗೆದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತಳು. ಜನ ಆಮೇಲೆ ಎಲ್ನಾಳ ಬಳಿ ಬಂದು ದೂರಿದರು: ನಿಮ್ಮ ಅತ್ತಿಗೆ ಬೈತಾರೆ. ಆಂಕರ್‌ಗಂತೂ, ನೀನು ಮೀನೇ ತಿನ್ನು ಎಂದುಬಿಟ್ಟಿದ್ದಳಂತೆ.

"ಸರಿಯಾಗಿ ಹೇಳಿದ್ದಾರಾ, ತಪ್ಪು ಹೇಳಿದ್ದಾರಾ?" ಎಂದು ಎಲ್ನಾ ಕೇಳಿದಳು.

"ಸರಿಯಾಗೇ ಹೇಳಿದ್ದಾರೆ," ಎಂದು ಆಂಕರ್ ತಲೆ ಕೆರೆದುಕೊಂಡ.

ಅಲ್ಲಿಂದ ಮುಂದೆ ಹಬ್ಬದ ದಿನ ಇಬ್ಬರು ಮುದುಕಿಯರೂ ಒಟ್ಟಿಗೇ ಕೂರತೊಡಗಿದರು. ಎಲ್ನಾಳಿಗೆ ಕಿವಿ ಮಂದವಾಗಿತ್ತು, ಡಾಗ್ನಿಗೆ ಕಣ್ಣು. ಒಬ್ಬಳು ಕೇಳಿಸಿಕೊಂಡು ಕೂಗಿ ಹೇಳುತ್ತಿದ್ದಳು, ಇನ್ನೊಬ್ಬಳು ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಉತ್ತರ ಗೊತ್ತಿದ್ದುದರಿಂದ ಎಷ್ಟೋ ಸಲ ಫೋನ್ ಮಾಡಿದವರನ್ನು ಕಾಯಿಸಿ ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಿದ್ದರು. ಈಚೆಗೆ ಒಂದು ಕ್ರಿಸ್‌ಮಸ್‌ಗೆ ಆಸ್ಟ್ರಿಡ್‌ಳ ಮೊಮ್ಮಗಳು ಓಡಿಬಂದು, ತನ್ನ ಮೊಬೈಲಿನಲ್ಲಿ ಬಾತಿನ ಫೋಟೋ ತೋರಿಸಿ, ಬೆಂದಿದೆಯಾ ನೋಡಿ ಅಜ್ಜಿ ಎಂದಳು. ಎಲ್ನಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಫೋಟೋದಲ್ಲಿ ಎಲ್ಲಾ ಬಾತೂ ಬೆಂದಿರ್ತಾವೆ ಮಗಳೇ," ಎಂದಳು. "ಮನೆಗೆ ಹೋಗಿ ಚುಚ್ಚಿ ನೋಡು."

"ತೊಡೆ ಒಳಗಡೆ," ಎಂದಳು ಡಾಗ್ನಿ.

"ಅವಳಿಗೆ ಗೊತ್ತು ಬಿಡಿ ಅತ್ತಿಗೆ."

"ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ಲು?" ಎಂದು ಡಾಗ್ನಿ ತನ್ನ ಕಾಫಿಗೆ ಇನ್ನೊಂದು ಸಕ್ಕರೆ ಬಿಲ್ಲೆ ಹಾಕಿಕೊಂಡಳು. ಹುಡುಗಿ ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು ಇಳಿಜಾರಿನಲ್ಲಿ ಮನೆ ಕಡೆ ಓಡಿದಳು.